ಹಸಿ ಮೆರುಗಿನ ಮೇಲೆ ಒಂದೇ ಎಳೆತ

ಫ್ರಾನ್ಸಿನ ಫಯಾನ್ಸ್ ಟೀ ಪಾಟೆಂದರೆ ಪೋರ್ಸಲೀನ್ ಕೈಗೆಟುಕದವರ ಸಮಾಧಾನ ಎಂದು ಮೂಗು ಮುರಿಯುವ ಸಂಗ್ರಾಹಕರಿದ್ದಾರೆ. ನಾನು ಒಪ್ಪುವುದಿಲ್ಲ. ಪೋರ್ಸಲೀನಿನ ನುಣುಪು ಇದಕ್ಕಿಲ್ಲ, ನಿಜ. ಆದರೆ ಚಿತ್ರ ಬರೆದ ಕೈ ಇದರ ಮೇಲೆ ಕಾಣುವಷ್ಟು ಅದರ ಮೇಲೆ ಕಾಣುವುದಿಲ್ಲ.

ಫಯಾನ್ಸಿನ ಒಳಗಿರುವುದು ಬರೀ ಜೇಡಿಮಣ್ಣು. ಒಮ್ಮೆ ಸುಟ್ಟ ಪಾತ್ರೆಯನ್ನು ಸೀಸ, ತವರ ಬೆರೆತ ಮೆರುಗಿನ ನೀರಿನಲ್ಲಿ ಅದ್ದುತ್ತಾರೆ. ಮಣ್ಣು ನೀರನ್ನು ಹೀರಿಕೊಂಡು ಮೈಮೇಲೆ ಬಿಳಿ ಪುಡಿ ಉಳಿಯುತ್ತದೆ. ಚಿತ್ರ ಬರೆಯುವುದು ಆ ಪುಡಿಯ ಮೇಲೆಯೇ. ಕುಂಚ ತಾಗಿದ್ದೇ ತಡ, ಬಣ್ಣ ಒಳಗಿಳಿಯುತ್ತದೆ, ತಿದ್ದಲು ಅವಕಾಶವಿಲ್ಲ. ಮತ್ತೆ ಆವಿಗೆ ಹೊಕ್ಕಾಗ ಆ ಕಾವು ತಾಳುವ ಬಣ್ಣಗಳೂ ಕೆಲವೇ: ಕೋಬಾಲ್ಟಿನ ನೀಲಿ, ತಾಮ್ರದ ಹಸಿರು, ಮ್ಯಾಂಗನೀಸಿನ ನೇರಳೆ, ಆಂಟಿಮನಿಯ ಹಳದಿ, ಕಬ್ಬಿಣದ ಕೆಂಪು. ಬ್ರಿಟನಿ ಪ್ರಾಂತ್ಯದ ಕ್ಯಾಂಪೇರ್ ಊರಿನ ಪಾತ್ರೆಗಳನ್ನು ನೋಡಿ. ಕುಂಚವನ್ನು ಒಮ್ಮೆ ಒತ್ತಿ ಎತ್ತಿದರೆ ಒಂದು ಎಸಳು. ಅಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ.

ಗುಲಾಬಿಯಂಥ ನಾಜೂಕು ಬಣ್ಣ ಬೇಕಾದವರು ಬೇರೆ ದಾರಿ ಹಿಡಿದರು. ಹದಿನೆಂಟನೆಯ ಶತಮಾನದ ನಡುವೆ ಸ್ಟ್ರಾಸ್‌ಬುರ್ಗಿನ ಪಾಲ್ ಹಾನೋಂಗ್, ಆಮೇಲೆ ಮಾರ್ಸೇಲಿನ ವಿಧವೆ ಪೆರ‍್ಯಾಂ ಅವರ ಕಾರ್ಖಾನೆಗಳಲ್ಲಿ, ಸುಟ್ಟು ಗಟ್ಟಿಯಾದ ಮೆರುಗಿನ ಮೇಲೆ ಹೂ ಬರೆದು ಕಡಿಮೆ ಕಾವಿನಲ್ಲಿ ಇನ್ನೊಮ್ಮೆ ಸುಟ್ಟರು. ಅವು ಚೆಲುವಾಗಿವೆ. ನನ್ನ ಮನಸ್ಸು ಮಾತ್ರ ಹಸಿ ಮೆರುಗಿನ ಕಡೆಗೇ.

1709ರಲ್ಲಿ ಯುದ್ಧದ ಖರ್ಚಿಗೆಂದು ಹದಿನಾಲ್ಕನೆಯ ಲೂಯಿ ಬೆಳ್ಳಿ ಪಾತ್ರೆಗಳನ್ನು ಕರಗಿಸಿದಾಗ ಶ್ರೀಮಂತರ ಊಟದ ಮೇಜಿಗೆ ಫಯಾನ್ಸ್ ಬಂತು. ಚಹಾದ ಮಟ್ಟಿಗೆ ಅದು ಎಂದೂ ಪೂರ್ತಿ ಗೆಲ್ಲಲಿಲ್ಲ. ಕುದಿನೀರು ಬಿದ್ದರೆ ಮೆರುಗು ಬಿರುಕುಬಿಡುತ್ತದೆ, ಮೂತಿಯ ತುದಿ ಚಕ್ಕೆಯೇಳುತ್ತದೆ. ಇಂಗ್ಲೆಂಡಿನ ಗಟ್ಟಿಮುಟ್ಟಾದ ಕೆನೆಬಣ್ಣದ ಪಾತ್ರೆಗಳು 1786ರ ವಾಣಿಜ್ಯ ಒಪ್ಪಂದದ ನಂತರ ಅಗ್ಗವಾಗಿ ಬಂದಿಳಿದವು. ಫ್ರಾನ್ಸಿನ ಎಷ್ಟೋ ಆವಿಗೆಗಳು ತಣ್ಣಗಾದವು.

ಕೊಳ್ಳುವವರಿಗೆ ಒಂದು ಮಾತು. ಅಂಚಿನಲ್ಲಿ ಮಣ್ಣು ಇಣುಕಿದರೆ ಹೆದರಬೇಡಿ, ಹಳೆಯ ಫಯಾನ್ಸಿಗೆ ಅದು ಸಹಜ. ಚಕ್ಕೆ ಮುಚ್ಚಲು ಹೊಸದಾಗಿ ಬಳಿದ ಬಣ್ಣಕ್ಕೆ ಹೆದರಿ. ತಳದಲ್ಲಿ ಪೆರ‍್ಯಾಂ ಅವರ 'ವಿಪಿ' ಗುರುತು ಕಂಡೊಡನೆ ಹಣ ಎಣಿಸಬೇಡಿ. ಅದನ್ನು ನಕಲು ಮಾಡಿದವರು ಬಹಳ. ಮೊದಲು ಕುಂಚದ ಎಳೆತ ನೋಡಿ, ಆಮೇಲೆ ಗುರುತು. ಮೆರುಗಿನಲ್ಲಿ ಸೀಸವಿರುವುದರಿಂದ ಹಳೆಯ ಪಾಟಿನಲ್ಲಿ ಚಹಾ ಮಾತ್ರ ಮಾಡಬೇಡಿ.