ವಿಡಿಯೋದಲ್ಲಿ ನದಿ ಕಾಣಲ್ಲ

ಯಲಹಂಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಬರುವ ತಿಂಗಳು ಗಂಡನ ಜೊತೆ ಮಿನಿಯಾಪೊಲಿಸ್‌ಗೆ ಹೋಗ್ತಿದ್ದಾಳೆ. ನಮ್ಮ ಕಡೆ ಇದೇನೂ ಹೊಸ ಸುದ್ದಿಯಲ್ಲ. ಟಾರ್ಗೆಟ್ ಕಂಪನಿಯ ಹೆಡ್ ಆಫೀಸ್ ಇರೋದು ಮಿನಿಯಾಪೊಲಿಸ್‌ನಲ್ಲಿ, ಬೆಂಗಳೂರಿನ ಆಫೀಸ್ ಇರೋದು ಹೆಬ್ಬಾಳದ ಆಚೆ ಮಾನ್ಯತಾದಲ್ಲಿ. ಹಾಗಾಗಿ ಆರ್.ಟಿ. ನಗರ, ಯಲಹಂಕದ ಎಷ್ಟೋ ಮನೆಗಳಲ್ಲಿ ಆ ಊರಿನ ಹೆಸರು ತುಮಕೂರಿನ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರುತ್ತೆ.

"ಅಕ್ಕಾ, ನಲವತ್ತು ವಿಡಿಯೋ ನೋಡಿದೀನಿ. ಇಳಿದ ದಿನಾನೇ ಕಣ್ಣು ಮುಚ್ಕೊಂಡು ಓಡಾಡ್ತೀನಿ" ಅಂದ್ಲು.

"ನದಿ ನೋಡಿದ್ಯಾ?"

"ಯಾವ ನದಿ?"

ಮಿಸಿಸಿಪ್ಪಿ. ಊರಿನ ನಡುವೆಯೇ ಹರಿಯುತ್ತೆ. ಊರಿನ ಹೆಸರಲ್ಲೇ ನೀರಿದೆ: ಡಕೋಟಾ ಜನರ ಭಾಷೆಯಲ್ಲಿ 'ಮ್ನಿ' ಅಂದ್ರೆ ನೀರು, ಅದಕ್ಕೆ ಗ್ರೀಕಿನ 'ಪೊಲಿಸ್' ಅಂಟಿಸಿದ್ದಾರೆ. ನಲವತ್ತು ವಿಡಿಯೋ ನೋಡಿದವಳಿಗೆ ಇದು ಕಾಣಲಿಲ್ಲ ಅಂದ್ರೆ ತಪ್ಪು ಅವಳದ್ದಲ್ಲ ಅನ್ನಿಸಿ, ಒಂದು ವಾರ ನಾನೂ ಕೂತು ಅವೇ ವಿಡಿಯೋ ನೋಡಿದೆ.

ಮೊದಲು ನ್ಯಾಯವಾಗಿ ಹೇಳಬೇಕಾದ್ದು ಹೇಳಿಬಿಡ್ತೀನಿ. ಕನ್ನಡದಲ್ಲಿ ಬರೋ ಈ 'ಅಮೆರಿಕಾಗೆ ಬರೋ ಮುಂಚೆ' ವಿಡಿಯೋಗಳಿಂದ ಉಪಕಾರ ಇದೆ. ಕ್ರೆಡಿಟ್ ಸ್ಕೋರ್ ಅಂದ್ರೇನು, ಮೈನಸ್ ಇಪ್ಪತ್ತು ಡಿಗ್ರಿಯಲ್ಲಿ ಎಂಥ ಬೂಟು ಬೇಕು, ಕಟ್ಟಡದಿಂದ ಕಟ್ಟಡಕ್ಕೆ ಎರಡನೇ ಮಹಡಿಯ ಗಾಜಿನ ಸೇತುವೆಗಳಲ್ಲೇ ಡೌನ್‌ಟೌನ್ ಪೂರ್ತಿ ಹೇಗೆ ಓಡಾಡಬಹುದು, ಇದನ್ನೆಲ್ಲ ನಮ್ಮ ಭಾಷೆಯಲ್ಲಿ, ನಮ್ಮ ಭಯ ಗೊತ್ತಿರೋರು ಹೇಳಿಕೊಡ್ತಾರೆ. ನನ್ನ ತಕರಾರು ಬೇರೆ. ಎಲ್ಲ ವಿಡಿಯೋದಲ್ಲೂ ಕ್ಯಾಮೆರಾ ಓಡೋ ದಾರಿ ಒಂದೇ: ಏರ್‌ಪೋರ್ಟ್, ಹೈವೇ, ಸಬರ್ಬಿನ ಅಪಾರ್ಟ್‌ಮೆಂಟು, ಇಂಡಿಯನ್ ಸ್ಟೋರು, ಮೇಪಲ್ ಗ್ರೋವ್‌ನ ದೇವಸ್ಥಾನ. ಮಧ್ಯದಲ್ಲಿ ಎರಡು ಮಾತು ತಪ್ಪದೇ ಬರುತ್ತೆ: 'ಸೇಫ್ ಏರಿಯಾ', 'ಗುಡ್ ಸ್ಕೂಲ್'. ಇವು ಯಾಕೆ ಹಾಗೆ ಅಂತ ಯಾರೂ ಕೇಳಲ್ಲ.

ಕೇಳಿದ್ರೆ ಉತ್ತರ ಇದೆ. 1910ರಿಂದ ಮಿನಿಯಾಪೊಲಿಸ್‌ನ ಮನೆಪತ್ರಗಳಲ್ಲಿ ಒಂದು ಷರತ್ತು ಬರೆಯೋಕೆ ಶುರುವಾಯ್ತು. ಈ ಸೈಟನ್ನು ಕರಿಯರಿಗೆ, ಚೀನಾ-ಜಪಾನ್ ಮೂಲದವರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಅಂತ. ಇಂಥ ಷರತ್ತುಗಳನ್ನು ಪೂರ್ತಿ ಕಾನೂನುಬಾಹಿರ ಮಾಡಿದ್ದು 1968ರ ಕಾಯ್ದೆ. ಮಿನ್ನೆಸೋಟ ಯೂನಿವರ್ಸಿಟಿಯ 'ಮ್ಯಾಪಿಂಗ್ ಪ್ರೆಜುಡಿಸ್' ತಂಡ 2016ರಿಂದ ಹಳೇ ಪತ್ರಗಳನ್ನು ಒಂದೊಂದಾಗಿ ಓದಿ, ಅಂಥ ಮನೆಗಳು ಎಲ್ಲೆಲ್ಲಿದ್ದವು ಅಂತ ನಕ್ಷೆ ಮಾಡಿದೆ. ಯಾರು ಬೇಕಾದರೂ ನೋಡಬಹುದು. ಮನೆ ಕೊಂಡವರ ಆಸ್ತಿ ಬೆಳೀತು, ಕೊಳ್ಳೋಕೆ ಬಿಡದವರದ್ದು ಬೆಳೀಲಿಲ್ಲ. ಸ್ಕೂಲ್ ರೇಟಿಂಗ್‌ಗಳಲ್ಲಿ ಪರೀಕ್ಷೆಯ ಅಂಕದ್ದೇ ದೊಡ್ಡ ಪಾಲು, ಅಂಕಕ್ಕೂ ಮನೆಯ ಆದಾಯಕ್ಕೂ ಇರೋ ನಂಟು ಗೊತ್ತಿದ್ದದ್ದೇ. 'ಒಳ್ಳೆ ಏರಿಯಾ' ತಾನಾಗಿ ಒಳ್ಳೆಯದಾಗಿದ್ದಲ್ಲ. ನಮ್ಮಂಥ ಬಣ್ಣದವರನ್ನೂ ಹೊರಗಿಡ್ತಿದ್ದ ಗೆರೆಯ ಒಳಗೆ ನಿಂತು ನಾವೀಗ "ಆ ಕಡೆ ಹೋಗಬೇಡಿ" ಅಂತ ವಿಡಿಯೋ ಮಾಡ್ತಿದ್ದೀವಿ.

"ಆ ಕಡೆ" ಅಂತ ತಂಗಿ ನೋಡಿದ ವಿಡಿಯೋದಲ್ಲಿ ಬಂದದ್ದು ಸೀಡರ್-ರಿವರ್‌ಸೈಡ್. ನದಿ ದಂಡೆಯ ಜಾಗ, ಡೌನ್‌ಟೌನ್‌ನಿಂದ ಲೈಟ್ ರೈಲಿನಲ್ಲಿ ಕೆಲವೇ ಸ್ಟಾಪು. ಮೊದಲು ಸ್ವೀಡನ್, ನಾರ್ವೆಯಿಂದ ಬಂದ ಕೂಲಿಕಾರರು ಇದ್ದ ಕೇರಿ. 1990ರ ದಶಕದಿಂದ ಯುದ್ಧ ತಪ್ಪಿಸಿಕೊಂಡು ಬಂದ ಸೋಮಾಲಿಗಳ ಮನೆ. ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಆರ್.ಟಿ. ನಗರ. ಬೆಂಗಳೂರಿಗೆ ಹೊಸದಾಗಿ ಬರೋರು ಮನೆ ಹುಡುಕುವಾಗ ದನಿ ತಗ್ಗಿಸಿ ಕೇಳ್ತಾರೆ, "ಆ ಕಡೆ ಜನ ಹೇಗೆ?" ಅಂತ. ಅವರು ಯಾವ ಜನರ ಬಗ್ಗೆ ಕೇಳ್ತಿದ್ದಾರೆ ಅಂತ ಇಲ್ಲಿ ಹುಟ್ಟಿ ಬೆಳೆದ ನನಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ಹೋಗೋ ಮುಂಚೆ ಕನ್ನಡದಲ್ಲಿ ಏನು ಓದಬೇಕು? ಮನೇಲಿ ದೊಡ್ಡವರು ಹೇಳೋದು 'ಅಮೆರಿಕಾದಲ್ಲಿ ಗೊರೂರು'. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕುತೂಹಲ ಈಗಲೂ ಓದೋಕೆ ಚೆನ್ನ. ಆದರೆ ಅವರು ಹೋಗಿದ್ದು ನೆಂಟರಾಗಿ, ವಾಪಸ್ ಬರೋರಾಗಿ. ಬೆರಗು ನೆಂಟರಿಗೆ ಒಪ್ಪುತ್ತೆ. ಅಲ್ಲೇ ಬಾಡಿಗೆ ಕಟ್ಟಿ, ತೆರಿಗೆ ಕಟ್ಟಿ ಬದುಕೋರಿಗೆ ಅಷ್ಟೇ ಸಾಲದು. ಇವತ್ತಿನ ವಿಡಿಯೋ ಮಾಡೋರು ಹತ್ತು ವರ್ಷದಿಂದ ಅಲ್ಲಿದ್ದರೂ ಇನ್ನೂ ನೆಂಟರ ಧಾಟಿಯಲ್ಲೇ ಮಾತಾಡ್ತಾರೆ: "ನೋಡಿ, ಎಷ್ಟು ಕ್ಲೀನ್ ಇದೆ!"

ತಂಗಿಗೆ ನಾನು ಕೊಟ್ಟಿದ್ದು ಗುರುಪ್ರಸಾದ ಕಾಗಿನೆಲೆ ಅವರ 2017ರ ಕಾದಂಬರಿ 'ಹಿಜಾಬ್'. ಲೇಖಕರು ಮಿನ್ನೆಸೋಟದಲ್ಲೇ ಡಾಕ್ಟರು. ಕತೆ ಮಿನಿಯಾಪೊಲಿಸ್‌ನದ್ದಲ್ಲ, ಅದೇ ರಾಜ್ಯದ ಒಂದು ಸಣ್ಣ ಊರಿನದ್ದು. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡೋ ಭಾರತೀಯ ಡಾಕ್ಟರುಗಳು; ಆಫ್ರಿಕಾದಿಂದ ನಿರಾಶ್ರಿತರಾಗಿ ಬಂದು, ಸಿಸೇರಿಯನ್ ಬೇಡವೇ ಬೇಡ ಅನ್ನೋ ಗರ್ಭಿಣಿಯರು. ಇಬ್ಬರೂ ವಲಸೆ ಬಂದವರೇ, ಆದರೆ ಒಬ್ಬರ ಕೈಯಲ್ಲಿ ಸ್ಟೆತಾಸ್ಕೋಪ್ ಇದೆ. ಮಿನ್ನೆಸೋಟಕ್ಕೆ ಹೋದರೆ ನೀನು ಬಿಳಿಯರ ಜೊತೆ ಮಾತ್ರ ಅಲ್ಲ, ನಿನ್ನ ಹಾಗೇ ಬಂದ, ಆದರೆ ನಿನ್ನ ಸಂಬಳ, ನಿನ್ನ ವೀಸಾ ಇಲ್ಲದವರ ಜೊತೆಗೂ ಬದುಕಬೇಕು ಅನ್ನೋದನ್ನ ಯಾವ ವಿಡಿಯೋನೂ ಹೇಳಿರಲಿಲ್ಲ. ಕಾದಂಬರಿ ಅದಕ್ಕೆ ಸುಲಭದ ಉತ್ತರ ಕೊಡಲ್ಲ. ನನಗೆ ಅದು ಇಷ್ಟವಾಗಿದ್ದೇ ಅದಕ್ಕೆ.

ಆಮೇಲೆ ಇಬ್ಬರೂ ಕೂತು ಸ್ಟ್ರೀಟ್ ವ್ಯೂನಲ್ಲಿ 1883ರ ಕಲ್ಲಿನ ಸ್ಟೋನ್ ಆರ್ಚ್ ಸೇತುವೆ ಮೇಲೆ 'ನಡೆದ್ವಿ'. ಪಕ್ಕದಲ್ಲಿ ಸೇಂಟ್ ಆಂಥನಿ ಜಲಪಾತ. ಅದರ ನೀರಿನ ಬಲದಿಂದಲೇ ಈ ಊರು ಒಂದು ಕಾಲಕ್ಕೆ ಜಗತ್ತಿಗೇ ಹಿಟ್ಟು ಬೀಸಿಕೊಡ್ತಿತ್ತು. 1878ರಲ್ಲಿ ಒಂದು ಗಿರಣಿಯ ಹಿಟ್ಟಿನ ಧೂಳಿಗೆ ಬೆಂಕಿ ತಗುಲಿ ಸ್ಫೋಟವಾಗಿ 18 ಜನ ಸತ್ತರು. ಅದೇ ಜಾಗದಲ್ಲಿ ಮತ್ತೆ ಕಟ್ಟಿದ ಗಿರಣಿಯ ಪಾಳುಗೋಡೆಗಳ ಒಳಗೆ ಈಗ ಮ್ಯೂಸಿಯಂ ಇದೆ. ಸ್ವಲ್ಪ ಕೆಳಗೆ, 2007ರ ಆಗಸ್ಟ್ 1ರ ಸಂಜೆ, ಆಫೀಸ್ ಬಿಡೋ ಹೊತ್ತಿಗೆ ಹೈವೇ ಸೇತುವೆ ಕುಸಿದು 13 ಜನ ಹೋದರು. ಅಲ್ಲಿ ಪಕ್ಕದ ಸೀಟಿನಲ್ಲಿ ಕೂರೋ ನಡುವಯಸ್ಸಿನವರಿಗೆ ಆ ಸಂಜೆ ನೆನಪಿರುತ್ತೆ. ಸ್ಕೂಲ್ ರೇಟಿಂಗ್ ಬಗ್ಗೆ ಕೇಳೋದಕ್ಕಿಂತ ಅದರ ಬಗ್ಗೆ ಕೇಳಿದರೆ ಮಾತು ಬೆಳೆಯುತ್ತೆ.

ಲ್ಯಾಪ್‌ಟಾಪ್ ಮುಚ್ಚುವಾಗ ತಂಗಿ ಕೇಳಿದ್ಲು: "ಅಕ್ಕಾ, ನಮ್ಮ ಹೆಬ್ಬಾಳ ಕೆರೆ ನೀರು ಎಲ್ಲಿಗೆ ಹೋಗುತ್ತೆ?"

ನನಗೆ ಗೊತ್ತಿರಲಿಲ್ಲ. ಹುಡುಕಿದೆ. ನಾಗವಾರ ಕೆರೆ ಹಾದು, ಪೂರ್ವಕ್ಕೆ ಹರಿದು, ದಕ್ಷಿಣ ಪಿನಾಕಿನಿ ಸೇರುತ್ತಂತೆ. ಅವಳ ಗಂಡ ಆರು ವರ್ಷ ಆಫೀಸಿಗೆ ಹೋಗಿ ಬಂದಿದ್ದು ಅದರ ಪಕ್ಕದಲ್ಲೇ. ಹೆಬ್ಬಾಳದಲ್ಲೇ 2018ರಲ್ಲಿ ಸುಮಾರು ಕ್ರಿ.ಶ. 750ರ ಒಂದು ವೀರಗಲ್ಲು ಸಿಕ್ಕಿತ್ತು, ಬೆಂಗಳೂರಿನ ಅತಿ ಹಳೇ ಕನ್ನಡ ಶಾಸನ. ಊರಿಗಾಗಿ ಹೋರಾಡಿ ಸತ್ತ ಕಿತ್ತಯ್ಯ ಅನ್ನೋನದು. ನಾವು ಫ್ಲೈಓವರ್ ಮೇಲೆ ನಿಂತು ಬೈಕೊಳ್ಳೋ ಜಾಗದ ಕೆಳಗಿನ ಊರು ಅದು.

ಅವಳ ಫ್ಲೈಟಿಗೆ ಇನ್ನೂ ಮೂರು ಭಾನುವಾರ ಇದೆ. ಮೊದಲನೆಯ ಭಾನುವಾರ ಹೆಬ್ಬಾಳ ಕೆರೆ ಸುತ್ತ ನಡೆದುಕೊಂಡು ಬರೋದು ಅಂತ ಮಾತಾಗಿದೆ. ಸೀಡರ್-ರಿವರ್‌ಸೈಡ್‌ನಲ್ಲಿ ಮನೆ ನೋಡ್ತೀಯಾ ಅಂದಿದ್ದಕ್ಕೆ, "ಅವರನ್ನ ಒಪ್ಪಿಸಬೇಕು, ನೋಡೋಣ" ಅಂದಿದ್ದಾಳೆ.