ದಪ್ಪಕ್ಷರದ ಕಸುಬುದಾರ

1960ರ ಮೇ ತಿಂಗಳು. ಅಮೆರಿಕದ ಬೇಹುಗಾರಿಕೆ ವಿಮಾನದ ಜಗಳಕ್ಕೆ ಪ್ಯಾರಿಸ್ ಶೃಂಗಸಭೆ ಮುರಿದುಬಿದ್ದಿತ್ತು. ಸೋವಿಯತ್ ನಾಯಕ ಕ್ರುಶ್ಚೇವ್ ಕೆಂಡಾಮಂಡಲವಾಗಿದ್ದರು. ಲಂಡನ್ನಿನ 'ಡೈಲಿ ಮಿರರ್' ಮುಖಪುಟದಲ್ಲೇ ಅವರನ್ನು 'ಮಿಸ್ಟರ್ ಕೆ!' ಎಂದು ಕೂಗಿ ಕರೆಯಿತು. ಹಳೇ ಇಂಗ್ಲಿಷ್ ಮಾತೊಂದನ್ನು ಆಡುತ್ತೇವೆ, ಮನ್ನಿಸಿ ಎಂದು ಕಂಸದೊಳಗೆ ವಿನಯ ತೋರಿತು. ಆಮೇಲೆ, ಇಷ್ಟು ಒರಟಾಗಬೇಡಿ ಎಂದು ಬೈಗುಳ ಸೇರಿಸಿಯೇ ಗದರಿತು. ಒರಟುತನವನ್ನು ಒರಟಾಗಿ ಬೈದು ನಗಿಸುವ ಆ ಚಾಲಾಕಿನ ಹಿಂದೆ ಇದ್ದವರು ಹ್ಯೂ ಕಡ್ಲಿಪ್.

1913ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದ ಕಡ್ಲಿಪ್ ಹದಿನಾಲ್ಕಕ್ಕೇ ಶಾಲೆ ಬಿಟ್ಟವರು. 24ರ ಹರೆಯದಲ್ಲಿ ಮಿರರ್‌ನ ಸೋದರ ಪತ್ರಿಕೆ 'ಸಂಡೇ ಪಿಕ್ಟೋರಿಯಲ್'ನ ಸಂಪಾದಕರಾದರು. ಇಬ್ಬರು ಅಣ್ಣಂದಿರೂ ರಾಷ್ಟ್ರಮಟ್ಟದ ಪತ್ರಿಕೆಗಳ ಸಂಪಾದಕರೇ. ಹಾದಿಯೇನೂ ಹೂವಿನದಲ್ಲ. ನೈಜೀರಿಯಾದಿಂದ ಸಂಸ್ಥೆಯ ನಿರ್ದೇಶಕ ಸೆಸಿಲ್ ಕಿಂಗ್ ಕಳಿಸಿದ ವರದಿಯನ್ನು ಅಚ್ಚು ಹಾಕದೆ ಬಿಟ್ಟದ್ದಕ್ಕೆ 1949ರಲ್ಲಿ ಕೆಲಸ ಹೋಯಿತು. ಮುಂದೆ ಸಂಸ್ಥೆಯ ಅಧ್ಯಕ್ಷರಾದ ಅದೇ ಕಿಂಗ್, ಕಡ್ಲಿಪ್‌ರನ್ನು ಮರಳಿ ಕರೆತಂದರು. 1968ರಲ್ಲಿ ಕಿಂಗ್ ಪದಚ್ಯುತರಾದಾಗ ಆ ಕುರ್ಚಿ ಏರಿದವರು ಕಡ್ಲಿಪ್!

ಕಡ್ಲಿಪ್ ಸಂಪಾದಕೀಯ ಚುಕ್ಕಾಣಿ ಹಿಡಿದಿದ್ದ ಕಾಲದಲ್ಲಿ, 1964ರ ಹೊತ್ತಿಗೆ, ಮಿರರ್‌ನ ಪ್ರಸಾರ 50 ಲಕ್ಷ ದಾಟಿತು. ಓದುಗರಲ್ಲಿ ಬಹುಪಾಲು ಕಾರ್ಮಿಕರು. ಅವರಿಗೆ ಬರೀ ಗಾಸಿಪ್ಪು, ಚೆಲುವೆಯರ ಚಿತ್ರ ಸಾಕೆಂದು ಕಡ್ಲಿಪ್ ಎಣಿಸಲಿಲ್ಲ. ರಾಜಕೀಯವನ್ನೂ ಅದೇ ದಪ್ಪಕ್ಷರದಲ್ಲಿ ಬಡಿಸಿದರು. 1969ರಲ್ಲಿ ನಷ್ಟದ 'ಸನ್' ಅನ್ನು ರೂಪರ್ಟ್ ಮುರ್ಡೋಕ್‌ಗೆ ಮಾರಿದ್ದೂ ಅವರ ಅಧ್ಯಕ್ಷತೆಯಲ್ಲೇ. ಅದೇ ಪತ್ರಿಕೆ ಮುಂದೆ ಮಿರರನ್ನು ಹಿಂದಿಕ್ಕಿತು.

ಆದರೂ ನನ್ನ ಮೆಚ್ಚುಗೆ ಆ ಮುಖಪುಟದ ಕಂಸಕ್ಕೇ. ಗದ್ದಲದ ನಡುವೆ ಕಣ್ಣು ಮಿಟುಕಿಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ.