ಪ್ರೀತಿಯ ಲೆಕ್ಕ, ಅಂಗಡಿಯ ಲೆಕ್ಕ

ಹೆಂಗಸೊಬ್ಬಳು ಸ್ವಂತ ಅಂಗಡಿ ತೆರೆದು ಹೆಸರು ಮಾಡಿದ ಕಥೆಯನ್ನು ಸಿನಿಮಾದವರು ಕೈಗೆತ್ತಿಕೊಂಡರೆ, ಅವಳು ಅಂಗಡಿಯ ಬೀಗ ತೆಗೆಯುವಷ್ಟರಲ್ಲಿ ಸಿನಿಮಾವೇ ಮುಗಿದುಹೋಗುತ್ತದೆ. ಫ್ರಾನ್ಸಿನ ನಿರ್ದೇಶಕಿ ಆನ್ ಫೊಂತೇನ್ 2009ರಲ್ಲಿ ತೆಗೆದ ‘ಕೊಕೊ ಅವಾಂ ಶಾನೆಲ್’ ನೋಡಿದಾಗ ನನಗೆ ಹಾಗೆಯೇ ಅನ್ನಿಸಿತು. ಶಾನೆಲ್ ಆಗುವ ಮುಂಚಿನ ಕೊಕೊ ಎಂದು ಆ ಹೆಸರಿನ ಅರ್ಥ. ‘ಮುಂಚಿನ’ ಎಂದು ಹೆಸರಿನಲ್ಲೇ ಹೇಳಿದ್ದಾರಲ್ಲ, ಮತ್ತೇನು ನಿಮ್ಮ ತಕರಾರು ಎಂದು ಯಾರಾದರೂ ಕೇಳಬಹುದು. ತಕರಾರು ಇದೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ತಾಯಿಯಿಲ್ಲದ ಹುಡುಗಿಯರನ್ನು ಗಾಡಿಯಲ್ಲಿ ತಂದು ಸನ್ಯಾಸಿನಿಯರ ಅನಾಥಾಲಯದಲ್ಲಿ ಬಿಡುವುದರಿಂದ ಚಿತ್ರ ಆರಂಭವಾಗುತ್ತದೆ. ದೊಡ್ಡವಳಾದ ಮೇಲೆ ಹಗಲು ದರ್ಜಿಯ ಅಂಗಡಿಯಲ್ಲಿ ಹೊಲಿಗೆ, ರಾತ್ರಿ ಸಿಪಾಯಿಗಳು ಕುಡಿಯಲು ಬರುವ ಕಡೆ ಹಾಡು. ಓದ್ರೆ ತೋತು ಎಂಬ ನಟಿ ಹೆಚ್ಚು ಮಾತಾಡುವುದಿಲ್ಲ, ನೋಡುತ್ತಾಳೆ. ಆ ಕಾಲದ ಸಿರಿವಂತ ಹೆಂಗಸರು ಕಾರ್ಸೆಟ್ಟಿನೊಳಗೆ ಉಸಿರು ಬಿಗಿಹಿಡಿದು, ತಲೆಯ ಮೇಲೆ ಹೂವು, ಗರಿ ಎಲ್ಲವನ್ನೂ ಹೊತ್ತು ನಡೆಯುವುದನ್ನು ಆಕೆ ನೋಡುವ ರೀತಿಯಲ್ಲೇ ಅರ್ಧ ವಿಮರ್ಶೆಯಿದೆ. ಬಾಲ್ಸಾನ್ ಎಂಬ ಶ್ರೀಮಂತನ ಬಂಗಲೆಯಲ್ಲಿ ಸೇರಿಕೊಂಡು ಅವನ ಬಟ್ಟೆಗಳನ್ನೇ ಕತ್ತರಿಸಿ ತನಗೆ ಹೊಲಿದುಕೊಳ್ಳುತ್ತಾಳೆ. ಸಮುದ್ರದಂಡೆಯಲ್ಲಿ ಬೆಸ್ತರ ಪಟ್ಟೆ ಅಂಗಿ ಆಕೆಯ ಕಣ್ಣಿಗೆ ಬೀಳುತ್ತದೆ. ಕಣ್ಣು ಪಳಗುವುದು ಹೇಗೆಂದು ಇಷ್ಟು ಸರಳವಾಗಿ ತೋರಿಸಿದ ಚಿತ್ರಗಳು ಕಡಿಮೆ. ಇದರ ಉಡುಪುಗಳಿಗಾಗಿ ಕ್ಯಾಥರೀನ್ ಲೆತೆರಿಯೆಗೆ ಫ್ರಾನ್ಸಿನ ಸೀಸರ್ ಪ್ರಶಸ್ತಿ ಬಂದದ್ದು ನ್ಯಾಯವೇ.

ಆದರೆ ಕಣ್ಣು ಪಳಗಿದ ಮಾತ್ರಕ್ಕೆ ಅಂಗಡಿ ನಡೆಯುವುದಿಲ್ಲ. ಬಾಡಿಗೆ ಯಾರು ಕೊಟ್ಟರು? ಬಟ್ಟೆ ಎಲ್ಲಿಂದ ಬಂತು? ಹೊಲಿಯುವವರಿಗೆ ಎಷ್ಟು ಕೂಲಿ? ಬಾಲ್ಸಾನ್ ಮತ್ತು ಬಾಯ್ ಕಾಪೆಲ್ ಎಂಬ ಇಬ್ಬರು ಗಂಡಸರ ನಡುವಿನ ತೊಳಲಾಟಕ್ಕೆ ಚಿತ್ರದ ಬಹುಪಾಲು ಹೋಗುತ್ತದೆ. ಪ್ಯಾರಿಸಿನ ಅಂಗಡಿಗೆ ಉಳಿಯುವುದು ಕೆಲವೇ ನಿಮಿಷ. ಕಾಪೆಲ್ ಕಾರು ಅಪಘಾತದಲ್ಲಿ ಸಾಯುತ್ತಾನೆ. ಆಮೇಲೆ ನೋಡಿದರೆ ಕನ್ನಡಿ ಹೊದಿಸಿದ ಮೆಟ್ಟಿಲುಗಳ ಮೇಲೆ ಆಕೆ ಕೂತಿದ್ದಾಳೆ, ರೂಪದರ್ಶಿಯರು ಇಳಿದು ಬರುತ್ತಿದ್ದಾರೆ. ದುಃಖದಿಂದ ನೇರವಾಗಿ ಕೀರ್ತಿಗೆ!

ನಡುವೆ ಏನಾಯಿತೆಂಬುದು ಪ್ರೇಮಕಥೆಗಿಂತ ಸ್ವಾರಸ್ಯವಾಗಿದೆ. 1910ರಲ್ಲಿ ಪ್ಯಾರಿಸಿನ ಕಾಂಬೋನ್ ಬೀದಿಯ 21ನೇ ನಂಬರಿನಲ್ಲಿ ಆಕೆ ಶುರುಮಾಡಿದ್ದು ಟೋಪಿಯ ಅಂಗಡಿ. ಹಣ ಕಾಪೆಲ್‌ನದು. 1913ರಲ್ಲಿ ದೋವಿಲ್ ಎಂಬ ಸಮುದ್ರತೀರದ ಊರಿನಲ್ಲಿ ಇನ್ನೊಂದು ಅಂಗಡಿ. ಅಲ್ಲಿ ಆಕೆ ಕೈಗೆತ್ತಿಕೊಂಡದ್ದು ಜರ್ಸಿ ಬಟ್ಟೆ. ಗಂಡಸರ ಒಳ ಉಡುಪಿಗೆ ಬಳಸುತ್ತಿದ್ದ, ಮರ್ಯಾದಸ್ಥ ದರ್ಜಿಗಳು ಮೂಗು ಮುರಿಯುತ್ತಿದ್ದ ಅಗ್ಗದ ಹೆಣಿಗೆ ಬಟ್ಟೆ ಅದು. ಮರುವರ್ಷವೇ ಮಹಾಯುದ್ಧ ಬಂತು. ಪ್ಯಾರಿಸ್ ಬಿಟ್ಟು ದೋವಿಲ್ ಸೇರಿದ ಶ್ರೀಮಂತ ಹೆಂಗಸರಿಗೆ ಓಡಾಡಲು, ಕೆಲಸ ಮಾಡಲು ಒಗ್ಗುವ ಉಡುಪು ಬೇಕಾಯಿತು. 1915ರಲ್ಲಿ ಬಿಯಾರಿಟ್ಜಿನಲ್ಲಿ ಮೂರನೆಯ ಅಂಗಡಿ. ಪಕ್ಕದ ಸ್ಪೇನ್ ಯುದ್ಧದಲ್ಲಿ ಸೇರದೆ ಇದ್ದುದರಿಂದ ಅಲ್ಲಿಯ ಕೊಳ್ಳುವವರೂ ಸಿಕ್ಕರು. ಪ್ರತಿಭೆ ಇತ್ತು, ನಿಜ. ಜೊತೆಗೆ ಜಾಗ, ಕಾಲ, ಬಟ್ಟೆಯ ದರ ಇವೂ ಇದ್ದವು.

ಪಾಲ್ ಮೊರಾನ್ ಎಂಬ ಲೇಖಕನಿಗೆ ಆಕೆಯೇ ಮುಂದೆ ಹೇಳಿಕೊಂಡ ಒಂದು ಪ್ರಸಂಗವಿದೆ. (ತನ್ನ ಬಾಲ್ಯದ ಬಗ್ಗೆ ಬೇಕಾದಂತೆ ಕಥೆ ಕಟ್ಟುತ್ತಿದ್ದವಳು, ಆದ್ದರಿಂದ ಎಲ್ಲವನ್ನೂ ಅಕ್ಷರಶಃ ನಂಬಬೇಕಾಗಿಲ್ಲ.) ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಚೆಕ್ಕು ಬರೆದರೆ ಸಾಕು ಹಣ ಬರುತ್ತದೆ ಎಂದು ಒಂದು ಸಂಜೆ ಕಾಪೆಲ್‌ನ ಮುಂದೆ ಹೆಮ್ಮೆಪಟ್ಟಳಂತೆ. ಅವನು, ಅದು ನಿನ್ನ ದುಡಿಮೆಯಲ್ಲ, ಬ್ಯಾಂಕಿನ ಸಾಲ, ನಾನು ಜಾಮೀನು ಇಟ್ಟಿರುವುದರಿಂದ ಕೊಡುತ್ತಿದ್ದಾರೆ ಎಂದನಂತೆ. ಆಕೆ ಕೈಚೀಲವನ್ನು ಅವನ ಮುಖಕ್ಕೆ ಎಸೆದು ಮಳೆಯಲ್ಲಿ ನಡೆದುಹೋದಳು. ಮರುದಿನದಿಂದ ಅಂಗಡಿಯಲ್ಲಿ ತನ್ನನ್ನು ಕೇಳದೆ ಒಂದು ಕಾಸೂ ಖರ್ಚಾಗಬಾರದೆಂದು ಕಟ್ಟಪ್ಪಣೆ. ಯುದ್ಧದ ನಡುವೆಯೇ ಅವನ ಹಣವನ್ನು ಪೂರ್ತಿ ತೀರಿಸಿದಳು. ಒಬ್ಬ ಹೆಂಗಸು ಮಾಲೀಕಳಾದ ಗಳಿಗೆ ಇದು. ತೋತುವಿನಂಥ ನಟಿ ಕೈಯಲ್ಲಿದ್ದೂ ಚಿತ್ರ ಇದನ್ನು ಆಧಾರವಾಗಿ ಹಿಡಿಯಲಿಲ್ಲವಲ್ಲ ಎಂದು ನನಗೆ ಬೇಸರ.

ಮನೆಯ ಮುಂಕೋಣೆಯಲ್ಲಿ ಬ್ಲೌಸ್ ಹೊಲಿಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾರ, ಲೈನಿಂಗು, ಹುಕ್ಕು, ಕರೆಂಟು ಬಿಲ್ಲು ಕಳೆದು ಉಳಿದದ್ದು ಲಾಭ. ಮಷೀನಿನ ಕಂತು ಗಂಡನ ಸಂಬಳದಲ್ಲಿ ಹೋಗುತ್ತಿದ್ದರೆ ಆ ಲಾಭವೂ ಎಷ್ಟು ನಿಜವೋ!

ಹೆಸರು ಬಂದ ಮೇಲಾದರೂ ಲೆಕ್ಕ ಸರಿಹೋಯಿತೇ ಎಂದರೆ ಅದೂ ಇಲ್ಲ. 1921ರಲ್ಲಿ ಹೊರಬಂದ ‘ನಂಬರ್ 5’ ಸುಗಂಧವನ್ನು ದೊಡ್ಡದಾಗಿ ಮಾರಲು 1924ರಲ್ಲಿ ಕಂಪನಿ ಮಾಡಿದಾಗ, ಬಂಡವಾಳ ಹಾಕಿದ ವೆರ್ಥೈಮರ್ ಸೋದರರಿಗೆ ನೂರಕ್ಕೆ 70, ನಡುವೆ ನಿಂತು ಪರಿಚಯ ಮಾಡಿಸಿದ ಬಾದರ್ ಎಂಬುವನಿಗೆ 20, ಸೀಸೆಯ ಮೇಲೆ ಯಾರ ಹೆಸರಿತ್ತೋ ಅವಳಿಗೆ 10. ಇದಕ್ಕಾಗಿ ವರ್ಷಗಟ್ಟಲೆ ಜಗಳವಾಡಿದಳು. ಅಷ್ಟಕ್ಕೆ ನಿಂತಿದ್ದರೆ ನಾವು ಅವಳ ಪರವಾಗಿಯೇ ಇರುತ್ತಿದ್ದೆವು. 1941ರಲ್ಲಿ, ಪ್ಯಾರಿಸ್ ಜರ್ಮನರ ಕೈಯಲ್ಲಿದ್ದಾಗ, ವೆರ್ಥೈಮರ್ ಸೋದರರು ಯಹೂದಿಗಳೆಂಬುದನ್ನೇ ಮುಂದಿಟ್ಟು ನಾತ್ಸಿ ಕಾನೂನಿನ ಬಲದಿಂದ ಕಂಪನಿ ಕಿತ್ತುಕೊಳ್ಳಲು ಹೊರಟಳು. ಅವರು ಮುಂಚೆಯೇ ಅದನ್ನು ಬೇರೊಬ್ಬನ ಹೆಸರಿಗೆ ಮಾಡಿದ್ದರಿಂದ ಆಟ ನಡೆಯಲಿಲ್ಲ. ಅನಾಥಾಲಯದ ಹುಡುಗಿಯ ಬಗ್ಗೆ ಮೂಡಿದ ಮರುಕಕ್ಕೆ ಇಲ್ಲಿ ತೆರೆ ಬೀಳುತ್ತದೆ. ಚಿತ್ರ ‘ಮುಂಚಿನ’ ಎಂಬ ಮಾತಿನ ಹಿಂದೆ ನಿಂತು ಈ ಇಕ್ಕಟ್ಟಿನಿಂದ ಪಾರಾಗಿದೆ.

ಇನ್ನೊಂದು ಸಂಗತಿ. 1936ರಲ್ಲಿ ಫ್ರಾನ್ಸಿನಾದ್ಯಂತ ಮುಷ್ಕರ ನಡೆದಾಗ ಆಕೆಯ ಅಂಗಡಿಯಲ್ಲಿ ಹೊಲಿಯುತ್ತಿದ್ದ ಹೆಂಗಸರೂ ಕೆಲಸ ನಿಲ್ಲಿಸಿ ಒಡತಿಯನ್ನೇ ಒಳಗೆ ಬಿಡಲಿಲ್ಲ. ಒಂದು ಕಾಲಕ್ಕೆ ತಾನೇ ದರ್ಜಿಯ ಅಂಗಡಿಯಲ್ಲಿ ಕೂಲಿಗೆ ಕೂತಿದ್ದವಳು ಅವರ ಬೇಡಿಕೆಗೆ ಸುಲಭವಾಗಿ ಬಗ್ಗಲಿಲ್ಲ. 1939ರಲ್ಲಿ ಯುದ್ಧ ಶುರುವಾದಾಗ ಉಡುಪಿನ ವ್ಯವಹಾರವನ್ನೇ ಮುಚ್ಚಿ ಅವರನ್ನೆಲ್ಲ ಮನೆಗೆ ಕಳಿಸಿದಳು. ಸುಗಂಧ ಮಾರುವ ಅಂಗಡಿ ಮಾತ್ರ ತೆರೆದೇ ಇತ್ತು. ಬಾಗಿಲ ಹೊರಗೆ ಒಡತಿ, ಒಳಗೆ ಸೂಜಿ ಕೆಳಗಿಟ್ಟು ಕೂತ ಹೆಣ್ಣುಮಕ್ಕಳು: ‘ಶಾನೆಲ್ ಆದ ಮೇಲಿನ ಕೊಕೊ’ ಎಂದು ಯಾರಾದರೂ ಚಿತ್ರ ತೆಗೆಯುವುದಾದರೆ ಈ ಬಾಗಿಲಿನಿಂದಲೇ ಶುರುಮಾಡಬಹುದು.